ಸೊನ್ನೆರಾಯರ ಪ್ಲೇಟಿನ ಚುಕ್ಕೆ

ಎಲ್ಲ ಅವಾಂತರಕ್ಕೂ ಕಾರಣವಾದದ್ದು ಸಾಸಿವೆ ಕಾಳಿನಷ್ಟಿದ್ದ ಒಂದು ಬಿಳಿ ಚುಕ್ಕೆ. ಅದು ಬೇರೆ ಯಾರ ಪ್ಲೇಟಿನಲ್ಲಿ ಹುಟ್ಟಿದ್ದರೂ ಕಾರ್ಖಾನೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಹುಟ್ಟಿದ್ದು ಸೊನ್ನೆರಾಯರ ಪ್ಲೇಟಿನಲ್ಲಿ.

ಪ್ಲೇಟು ಎಂದರೆ ಊಟದ ತಟ್ಟೆಯಲ್ಲ. ಇಂಜೆಕ್ಷನ್ ತಯಾರಿಸುವ ಆ ಕಾರ್ಖಾನೆಯಲ್ಲಿ ಔಷಧಿಯನ್ನು ಸೀಸೆಗೆ ತುಂಬುವ ಒಂದು ಗಾಜಿನ ಕೋಣೆ ಇತ್ತು. ಅದರೊಳಗೆ ಹೋಗುವವರು ನೆತ್ತಿಯಿಂದ ಅಂಗಾಲಿನವರೆಗೆ ಬಿಳಿ ಉಡುಪು ತೊಟ್ಟು, ಬಾಯಿಗೆ ಮಾಸ್ಕು, ಕಣ್ಣಿಗೆ ಗಾಗಲ್ಸು, ಕೈಗೆ ಒಂದರ ಮೇಲೊಂದು ಗ್ಲೌಸು ಹಾಕಿಕೊಳ್ಳಬೇಕು. ಹೊರಗೆ ಬರುವ ಮುಂಚೆ ಅಂಗೈಯಗಲದ ಒಂದು ಪ್ಲೇಟಿನಲ್ಲಿರುವ ಜೆಲ್ಲಿಯ ಮೇಲೆ ಗ್ಲೌಸು ತೊಟ್ಟ ಬೆರಳ ತುದಿಗಳನ್ನು ಒತ್ತಬೇಕು. ಆ ಜೆಲ್ಲಿ ಕ್ರಿಮಿಗಳಿಗೆ ಮೃಷ್ಟಾನ್ನ. ಬೆರಳಿನಲ್ಲಿ ಒಂದೇ ಒಂದು ಕ್ರಿಮಿ ಇದ್ದರೂ ಸಾಕು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟರೆ ಅದು ಸಂಸಾರ ಹೂಡಿ, ಮಕ್ಕಳು ಮರಿ ಮಾಡಿಕೊಂಡು, ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಉಳಿದವರ ಪ್ಲೇಟುಗಳಲ್ಲಿ ಯಾವಾಗಲಾದರೊಮ್ಮೆ ಇಂಥ ಸಂಸಾರ ಕಾಣಿಸಿಕೊಳ್ಳುತ್ತಿತ್ತು. ಸೊನ್ನೆರಾಯರ ಪ್ಲೇಟು ಮಾತ್ರ ಸದಾ ಖಾಲಿ. ಆ ಹೆಸರು ಬಂದದ್ದೇ ಹಾಗೆ. ಹೊಗಳಿಕೆಯೆಂದೇ ಇಟ್ಟಿದ್ದರು. ಕರೆಯುತ್ತ ಕರೆಯುತ್ತ ಅವರ ನಿಜವಾದ ಹೆಸರು ಸಂಬಳದ ಚೀಟಿ ಬಿಟ್ಟು ಇನ್ನೆಲ್ಲೂ ಉಳಿಯಲಿಲ್ಲ.

ಸೊನ್ನೆರಾಯರು ವಿಜ್ಞಾನದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವರು. ಔಷಧಿ ಕಂಪನಿ ಎಂದರೆ ಸಮುದ್ರವಿದ್ದಂತೆ, ಬೇಕಾದಷ್ಟು ಈಜಬಹುದು ಎಂದು ಕಾಲೇಜಿನ ಮೇಷ್ಟ್ರು ಹೇಳಿ ಕಳಿಸಿದ್ದರು. ಸೊನ್ನೆರಾಯರಿಗೆ ಸಿಕ್ಕಿದ್ದು ಮೀನಿನ ಗಾಜಿನ ತೊಟ್ಟಿ. ಅಲ್ಲಿ ಮಾತಾಡುವಂತಿಲ್ಲ, ಮಾತಾಡಿದರೆ ಎಂಜಲು ಹಾರುತ್ತದೆ. ಜೋರಾಗಿ ನಡೆಯುವಂತಿಲ್ಲ, ಗಾಳಿ ಕಲಕುತ್ತದೆ. ಒಬ್ಬರನ್ನೊಬ್ಬರು ಮುಟ್ಟುವಂತಂತೂ ಇಲ್ಲವೇ ಇಲ್ಲ. ಮುಂದೆ ಸಾಲುಗಟ್ಟಿ ಸರಿಯುವ ಸೀಸೆಗಳನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತಿರಬೇಕು. ಹೊರಗೆ ಬಂದರೂ ಕತೆ ಅಷ್ಟೇ. ಮಾಸ್ಕು, ಗಾಗಲ್ಸಿನಲ್ಲಷ್ಟೇ ಅವರನ್ನು ಕಂಡಿದ್ದ ಜನ ಕ್ಯಾಂಟೀನಿನಲ್ಲಿ ಅವರ ಮುಖ ನೋಡಿ, ಯಾರೋ ಹೊರಗಿನವರಿರಬೇಕು ಎಂದುಕೊಂಡು ಪಕ್ಕದ ಮೇಜಿಗೆ ಹೋಗುತ್ತಿದ್ದರು. ಸಂಜೆ ಮನೆಗೆ ಹೋದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಸರಿಸುವವರು ಯಾರೂ ಇರಲಿಲ್ಲ. ಮದುವೆಯ ಮಾತು ಒಂದೆರಡು ಬಾರಿ ಬಂದು, ಇವರು ಸಂಕೋಚಪಟ್ಟುಕೊಂಡು ಕೂತದ್ದರಿಂದ, ಬಂದ ಹಾಗೇ ಹೋಗಿತ್ತು.

ಇಂಥ ಹೊತ್ತಿನಲ್ಲಿ ಟ್ರೈನಿಂಗ್ ರೂಮಿನಲ್ಲಿ ಒಂದು ಜಾಗ ಖಾಲಿಯಾಯಿತು. ಹೊಸದಾಗಿ ಸೇರುವ ಪದವೀಧರರಿಗೆ ಕೈ ತೊಳೆಯುವುದು, ಉಡುಪು ತೊಡುವುದು, ಉಸಿರಾಡುವುದನ್ನೆಲ್ಲ ಕಲಿಸುವ ಕೆಲಸ. ಅಲ್ಲಿ ಮಾಸ್ಕು ಇಲ್ಲ. ದಿನವಿಡೀ ಮಾತು. ಎದುರಿಗೆ ಬೆಂಚಿನ ಮೇಲೆ ಮುಖಗಳು. ಯಾರಾದರೂ ಕೈ ಎತ್ತಿ, ಸಾರ್ ನನಗೊಂದು ಡೌಟು ಎನ್ನಬಹುದು. ಸೊನ್ನೆರಾಯರು ಅರ್ಜಿ ಹಾಕಿದ್ದರು. ಕನ್ನಡಿಯ ಮುಂದೆ ನಿಂತು ಪಾಠವನ್ನೂ ಹೇಳಿ ನೋಡಿಕೊಂಡಿದ್ದರು. ಕನ್ನಡಿಯಿಂದ ಡೌಟೇನೂ ಬರಲಿಲ್ಲ. ಆ ದಿನ ಸಂಜೆಯೊಳಗೆ ಆದೇಶಕ್ಕೆ ಸಹಿ ಬೀಳುತ್ತದೆ ಎಂಬ ಸುದ್ದಿ ಇತ್ತು, ಬೆಳಿಗ್ಗೆ ಚುಕ್ಕೆ ಹುಟ್ಟಿ ಕೂತಿತು.

ಕ್ರಿಮಿ ಪರೀಕ್ಷೆಯ ಲ್ಯಾಬನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಕ್ರಿಮಿ ಮೇಡಂ ಎಂದೇ ಕರೆಯುತ್ತಿದ್ದರು. ಆಕೆಗೆ ಮನುಷ್ಯರಿಗಿಂತ ಕ್ರಿಮಿಗಳ ನಡತೆಯ ಮೇಲೆ ಹೆಚ್ಚು ನಂಬಿಕೆ. ಸೊನ್ನೆರಾಯರನ್ನು ಕರೆಸಿ, ಪ್ಲೇಟನ್ನು ಬೆಳಕಿಗೆ ಹಿಡಿದು, ಯಾರದೋ ಮನೆಯ ಕೂಸನ್ನು ತೋರಿಸುವಂತೆ ತೋರಿಸಿದರು.

"ಹೋದ ವಾರದ್ದು. ನಿಮ್ಮದೇ ಬೆರಳು. ನಾನೇ ನಂಬಲಿಲ್ಲ, ಅದಕ್ಕೆ ಯಂತ್ರಕ್ಕೆ ಹಾಕಿ ಯಾವ ಜಾತಿ ಅಂತಾನೂ ನೋಡಿಬಿಟ್ಟೆ. ಇದು ನಾಯಿ ಬಾಯಲ್ಲಿರೋ ಕ್ರಿಮಿ. ಮನೇಲಿ ನಾಯಿ ಇದೆಯಾ?"

ಇಲ್ಲ ಎಂದರು ಸೊನ್ನೆರಾಯರು. ನಾಯಿಯೆಲ್ಲಿ ಬಂತು, ಅವರ ಮನೆಯಲ್ಲಿ ಜಿರಳೆಯೂ ನಿಲ್ಲುತ್ತಿರಲಿಲ್ಲ. ಹಾಗೆನ್ನುವಾಗಲೇ ಅವರಿಗೆ ಹೋದ ವಾರದ್ದು ನೆನಪಿಗೆ ಬಂತು.

ಹೋದ ವಾರ ತಪಾಸಣೆಯೆಂದು ಒಂದು ಹಿಂಡೇ ಗಾಜಿನ ಕೋಣೆಗೆ ಬಂದಿತ್ತು. ಎಲ್ಲರೂ ಅಡಿಯಿಂದ ಮುಡಿಯವರೆಗೆ ಬಿಳಿಬಿಳಿ, ಯಾರು ಯಾರೆಂದು ಗೊತ್ತಾಗುವಂತಿರಲಿಲ್ಲ. ಸೊನ್ನೆರಾಯರು ಬೆನ್ನು ಹಾಕಿ ಸೀಸೆ ನೋಡುತ್ತ ನಿಂತಿದ್ದರು. ಆಗ ಹಿಂದಿನಿಂದ ಯಾರೋ ಬಂದು ಅವರ ಹೆಗಲ ಮೇಲೆ ಕೈ ಇಟ್ಟರು. ಸುಮ್ಮನೆ ತಾಗಿಸಿದ್ದಲ್ಲ, ಭಾರ ಬಿಟ್ಟು, ಒಂದು ಗಳಿಗೆ ಗಟ್ಟಿಯಾಗಿ ಹಿಡಿದಿದ್ದರು. ಸೊನ್ನೆರಾಯರು ತಿರುಗಿ ನೋಡುವಷ್ಟರಲ್ಲಿ ಆ ಬಿಳಿ ಆಕೃತಿ ಉಳಿದ ಬಿಳಿ ಆಕೃತಿಗಳ ನಡುವೆ ಸೇರಿ ಹೋಗಿತ್ತು. ಹಾಗೆ ಹೆಗಲ ಮೇಲೆ ಯಾರಾದರೂ ಕೈ ಇಟ್ಟು ಎಷ್ಟು ಕಾಲವಾಗಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಒಬ್ಬನೇ ನಿಂತಿದ್ದೀಯಲ್ಲ ಮಾರಾಯ ಎಂದು ಯಾರೋ ಬಾಯಿಬಿಡದೆ ಹೇಳಿದಂತೆ ಅವರಿಗೆ ಅನಿಸಿತು. ಹಿಂಡು ಹೊರಟುಹೋದ ಮೇಲೆ, ಮಾಡಬಾರದ್ದು ಎಂದು ತಿಳಿದಿದ್ದೂ, ತಮ್ಮ ಬಲಗೈಯನ್ನು ಎತ್ತಿ ಹೆಗಲ ಮೇಲೆ ಅದೇ ಜಾಗದಲ್ಲಿ ಇಟ್ಟುಕೊಂಡರು. ಅಷ್ಟೇ. ಆಮೇಲೆ ಹೋಗಿ ಪ್ಲೇಟಿಗೆ ಬೆರಳು ಒತ್ತಿದ್ದರು.

ಈಗ ಹೇಳಿಬಿಟ್ಟರೆ ಮುಗಿಯಿತು. ಆದರೆ ಒಳಗೆ ಇನ್ನೊಬ್ಬರನ್ನು ಮುಟ್ಟಿದವರಿಗೆ ಕೆಲಸ ಉಳಿಯುವುದು ಕಷ್ಟ. ತಮ್ಮ ಹೆಗಲ ಮೇಲೆ ಕೈ ಇಟ್ಟ ಒಬ್ಬನೇ ಒಬ್ಬ ಪ್ರಾಣಿಯನ್ನು ತಾವೇ ಹಿಡಿದುಕೊಡುವುದೇ? ಸೊನ್ನೆರಾಯರು ತುಟಿ ಬಿಗಿದರು.

ಕ್ವಾಲಿಟಿ ಸಾಹೇಬರ ಕೋಣೆಗೆ ಬುಲಾವ್ ಬಂತು. ಸಾಹೇಬರು ಕಾರ್ಖಾನೆಯ ಶುಚಿತ್ವಕ್ಕೆಲ್ಲ ದೊಡ್ಡ ಯಜಮಾನರು. ಗಂಟುಮುಖ. ಗಾಜಿನ ಕೋಣೆಯಲ್ಲಿ ಓಡಾಡುವವರು ಯಾರೂ ಪ್ರಾಣಿ ಮುಟ್ಟಕೂಡದು, ಮುಟ್ಟಿದರೆ ಮುಂಚೆಯೇ ತಿಳಿಸಬೇಕು ಎಂಬ ನಿಯಮ ಬರೆದವರೂ ಅವರೇ.

ಆ ಕಾರ್ಖಾನೆಯಲ್ಲಿ ಯಾವ ತಪ್ಪನ್ನಾದರೂ ಕ್ಷಮಿಸುತ್ತಿದ್ದರು, ಕಾರಣ ಗೊತ್ತಿಲ್ಲದ ತಪ್ಪನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ. ಏನೇ ಎಡವಟ್ಟಾದರೂ ಅದಕ್ಕೊಂದು ರೂಟ್ ಕಾಸ್, ಅಂದರೆ ಮೂಲ ಕಾರಣ, ಸಿಗಬೇಕು. ಸಿಕ್ಕಿತೋ, ಫೈಲು ಮುಚ್ಚಿ ಎಲ್ಲರೂ ಟೀ ಕುಡಿಯುತ್ತಾರೆ. ಸಿಗಲಿಲ್ಲವೋ, ಆ ದಿನದ ಸೀಸೆಗಳಿಗೆಲ್ಲ ಬೀಗ, ಆ ಮನುಷ್ಯನ ಮೇಲೆ ತಿಂಗಳುಗಟ್ಟಲೆ ಕಣ್ಣು, ಅಲ್ಲಿಯವರೆಗೆ ಬಡ್ತಿ ವರ್ಗಾವಣೆ ಎಲ್ಲ ಬಂದ್. ಸಾಹೇಬರು ಇದನ್ನೆಲ್ಲ ವಿವರಿಸಿ, ಟ್ರೈನಿಂಗ್ ರೂಮಿನ ಆದೇಶದ ಕಾಗದವನ್ನು ಬೆರಳಿನಿಂದ ಆಚೆ ಸರಿಸಿದರು.

"ನೋಡಿ ರಾಯರೇ, ನಾಯಿ ಇದೆ ಅಂದ್ರೆ ಇವತ್ತೇ ಮುಗಿದುಹೋಗತ್ತೆ. ನಾಯಿ ಸಾಕಿದವರನ್ನ ಒಳಗೆ ಬಿಡೋ ಹಾಗಿಲ್ಲ, ಸರಿ. ಆದ್ರೆ ಟ್ರೈನಿಂಗ್ ರೂಮು ಹೊರಗಿರೋದು. ಅಲ್ಲಿಗೆ ನಾಯಿ ಇದ್ರೇನು, ಆನೆ ಇದ್ರೇನು. ಇಲ್ಲ ಅಂತೀರಾದ್ರೆ, ಎಲ್ಲಿಂದ ಬಂತು ಅಂತ ನಾನು ಹುಡುಕಬೇಕಾಗತ್ತೆ."

ಹುಡುಕಿದರೆ ಹೆಗಲ ಮೇಲಿನ ಕೈ ಸಿಕ್ಕಿಬೀಳುತ್ತದೆ. ನಾಯಿ ಇದೆ ಎಂದರೆ ಆ ಕೈಯೂ ಉಳಿಯುತ್ತದೆ, ಟ್ರೈನಿಂಗ್ ರೂಮೂ ಸಿಗುತ್ತದೆ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದ ಸೊನ್ನೆರಾಯರು ನೆಲ ನೋಡಿಕೊಂಡು, "ಇದೆ ಸಾರ್. ಈಚೆಗೆ ಬಂದಿದೆ. ಹೇಳೋಕೆ ಮುಜುಗರ ಆಯ್ತು" ಎಂದರು.

ಸಾಹೇಬರ ಮುಖದ ಗಂಟು ಸಡಿಲಾಯಿತು. ಫೈಲಿಗೆ ಸಹಿ ಹಾಕಲು ಪೆನ್ನನ್ನೂ ತೆಗೆದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಕ್ರಿಮಿ ಮೇಡಂ, ಬರೀ ಬಾಯಿಮಾತು ಸಾಲದು, ನಾಯಿಯ ಬಾಯಿಂದ ಹತ್ತಿಯಲ್ಲಿ ಒರೆಸಿ ತೆಗೆದು ಚುಕ್ಕೆಯ ಜೊತೆ ತಾಳೆ ನೋಡಬೇಕು, ಸಂಜೆ ಮನೆಗೇ ಬರುತ್ತೇನೆ ಎಂದರು. ಯಜಮಾನರೂ ಬಂದು ಕಣ್ಣಾರೆ ನೋಡಿದರೆ ಫೈಲು ಇನ್ನೂ ಗಟ್ಟಿಯಾಗುತ್ತದೆ ಎಂದೂ ಸೇರಿಸಿದರು. ಸಾಹೇಬರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಊಟದ ಹೊತ್ತಿಗೆ ಸುದ್ದಿ ಕಾರ್ಖಾನೆಯೆಲ್ಲ ಸುತ್ತಿ ಕ್ಯಾಂಟೀನಿಗೆ ಬಂದು ಕೂತಿತ್ತು. ಸೊನ್ನೆರಾಯರು ಎಂದಿನಂತೆ ಮೂಲೆಯ ಮೇಜಿಗೆ ಹೋಗಿ ಚಹಾ ಮತ್ತು ಬನ್ನು ಮುಂದಿಟ್ಟುಕೊಂಡರು. ತುಸು ಹೊತ್ತಿನಲ್ಲೇ ಎದುರಿಗೆ ಯಂತ್ರ ರಿಪೇರಿ ಮಾಡುವ ಫಿಟ್ಟರ್ ಬಂದು ಕೂತ. ಅವನ ಹಿಂದೆ ಪ್ಯಾಕಿಂಗ್ ವಿಭಾಗದ ಹೆಂಗಸರು ಕುರ್ಚಿ ಎಳೆದುಕೊಂಡು ಬಂದರು. ಮೇಜಿನಲ್ಲಿ ಜಾಗ ಸಾಲದೆ ಕೆಲವರು ನಿಂತುಕೊಂಡರು. ಸೊನ್ನೆರಾಯರಿಗೆ ದಿಗಿಲಾಯಿತು, ಆಮೇಲೆ ಅದು ದಿಗಿಲಲ್ಲ, ಸಂತೋಷ ಎಂದು ಗೊತ್ತಾಯಿತು.

ನಾಯಿಗೆ ಹೆಸರೇನು ಎಂದು ಫಿಟ್ಟರ್ ಕೇಳಿದ. ಸೊನ್ನೆರಾಯರು ತಬ್ಬಿಬ್ಬಾಗಿ ಕೈಯಲ್ಲಿದ್ದುದನ್ನು ನೋಡಿ, ಬನ್ನು ಎಂದರು. ಹೆಂಗಸರಿಗೆ ಬಹಳ ಮುದ್ದಾದ ಹೆಸರು ಎನಿಸಿತು. ಬಣ್ಣ ಏನು ಎಂದರು, ಬನ್ನಿನ ಬಣ್ಣವೇ ಎಂದರು ಇವರು. ರಾತ್ರಿ ಎಲ್ಲಿ ಮಲಗುತ್ತದೆ ಎಂದು ಒಬ್ಬಾಕೆ ಕೇಳಿದಾಗ ಸೊನ್ನೆರಾಯರು, ನನ್ನ ಕಾಲ ಹತ್ತಿರ ಎಂದುಬಿಟ್ಟರು. ಸುಳ್ಳು ಒಂದಕ್ಕೊಂದು ಹೊಂದಿಕೊಂಡು ಸಲೀಸಾಗಿ ಬರತೊಡಗಿತು. ನಾನು ಬಾಗಿಲು ತೆಗೆಯೋ ಸದ್ದಿಗೇ ಎದ್ದು ಬರುತ್ತದೆ ಎಂದರು. ಲೋಟ ಉರುಳಿಸುತ್ತದೆ ಎಂದರು. ಹೇಳುತ್ತ ಹೇಳುತ್ತ ಅವರಿಗೇ ಆ ನಾಯಿಯ ಮೇಲೆ ಪ್ರೀತಿ ಹುಟ್ಟಿತು.

ನಡುವೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಚುಕ್ಕೆ ನಾಯಿಯದ್ದು ಎಂದಮೇಲೆ, ಹೆಗಲ ಮೇಲೆ ಕೈ ಇಟ್ಟವರ ಮನೆಯಲ್ಲಿ ನಾಯಿ ಇರಲೇಬೇಕು. ಮೆಲ್ಲಗೆ ಒಬ್ಬೊಬ್ಬರನ್ನೇ ವಿಚಾರಿಸಿದರು. ಫಿಟ್ಟರನ ಮನೆಯಲ್ಲಿ ಇದ್ದದ್ದು ಮೀನು. ಅವನ ಅಣ್ಣ ಬಿಟ್ಟುಹೋದ ಒಂದು ನಾಯಿಯ ಬೆಲ್ಟು ಮಾತ್ರ ಇತ್ತು, ಸಂಜೆ ತಂದುಕೊಡುತ್ತೇನೆ ಎಂದ. ಬೇಡ ಎಂದರೂ ಕೇಳಲಿಲ್ಲ. ಉಳಿದವರಲ್ಲಿ ಕೆಲವರಿಗೆ ನಾಯಿಯೆಂದರೆ ಭಯ, ಕೆಲವರಿಗೆ ಹೆಂಡತಿ ಬಿಡುವುದಿಲ್ಲ. ಯಾರ ಹತ್ತಿರವೂ ನಾಯಿ ಇರಲಿಲ್ಲ. ನನ್ನಂತೆಯೇ ಸಂಕೋಚದವರಿರಬೇಕು, ಹೇಳಿಕೊಳ್ಳುತ್ತಿಲ್ಲ ಎಂದು ಸೊನ್ನೆರಾಯರು ಸಮಾಧಾನಪಟ್ಟುಕೊಂಡರು.

ಕೆಲಸ ಬಿಟ್ಟೊಡನೆ ನಿಜವಾದ ಪೇಚು ಎದುರಾಯಿತು. ಸಾಹೇಬರು, ಮೇಡಂ ಬರುವ ಮುಂಚೆ ಬನ್ನಿನ ಬಣ್ಣದ ಒಂದು ನಾಯಿ ಬೇಕು. ಅದೃಷ್ಟಕ್ಕೆ ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ಒಂದು ಬೇಕರಿ ಇತ್ತು, ಅದರ ಕಟ್ಟೆಯ ಕೆಳಗೆ ಕಂದು ಬಣ್ಣದ ಒಂದು ನಾಯಿ ದಿನವೂ ಬಿದ್ದುಕೊಂಡಿರುತ್ತಿತ್ತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಸೊನ್ನೆರಾಯರು ಒಂದು ಬನ್ನು ಕೊಂಡು ಅದರ ಮೂಗಿನ ಮುಂದೆ ಹಿಡಿದರು. ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

"ಸಂಜೆ ಅದಕ್ಕೆ ಹಸಿವಿರಲ್ಲ ಸಾರ್," ಎಂದ ಬೇಕರಿಯವನು. "ಬೆಳಿಗ್ಗೆನೇ ಯಾರೋ ಪುಣ್ಯಾತ್ಮರು ಹೊಟ್ಟೆ ತುಂಬಾ ತಿನ್ನಿಸಿ ಹೋಗಿರ್ತಾರೆ. ಬೆಣ್ಣೆ ಹಚ್ಚಿ ನೋಡಿ."

ಬೆಣ್ಣೆ ಹಚ್ಚಿದ ಮೇಲೆ ನಾಯಿ ಎದ್ದಿತು. ಎದ್ದ ಮೇಲೂ ಅದು ತನ್ನ ಮರ್ಯಾದೆ ಬಿಡಲಿಲ್ಲ. ಒಂದು ಚೂರು ಹಾಕಿದರೆ ನಾಲ್ಕು ಹೆಜ್ಜೆ ಬಂದು ಕೂರುತ್ತಿತ್ತು. ಇನ್ನೊಂದು ಚೂರು ಹಾಕುವವರೆಗೆ ಬೀದಿಯ ಕಡೆ ಮುಖ ತಿರುಗಿಸಿಕೊಂಡಿರುತ್ತಿತ್ತು. ವಿಜ್ಞಾನದ ಪದವೀಧರರೊಬ್ಬರು ನಡುಬೀದಿಯಲ್ಲಿ ಹಿಮ್ಮುಖವಾಗಿ ನಡೆಯುತ್ತ, ಬಾ ಬನ್ನು, ಬಾ ರಾಜ ಎಂದು ಗೋಗರೆಯುವುದನ್ನು ನೋಡಲು ಅಂಗಡಿಯವರೆಲ್ಲ ಹೊರಗೆ ಬಂದರು. ಕೈಯಲ್ಲಿದ್ದ ಬನ್ನೆಲ್ಲ ಮುಗಿಯುವಷ್ಟರಲ್ಲಿ ಹೇಗೋ ಮನೆ ಬಂತು.

ಮೆಟ್ಟಿಲ ಬುಡದಲ್ಲಿ ಕೆಳಮನೆಯ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆಯ ಒಡತಿ ಅವರೇ. ಆ ಬೀದಿಯಲ್ಲಿ ಅವರ ಮೂಗಿಗೆ ಸಿಗದೆ ಯಾವ ವಿಷಯವೂ ದಾಟುತ್ತಿರಲಿಲ್ಲ. ಬಾಡಿಗೆಗೆ ಕೊಡುವಾಗಲೇ ನಾಯಿ ಬೆಕ್ಕು ಆಗುವುದಿಲ್ಲ ಎಂದು ಹೇಳಿದ್ದರು. ಸೊನ್ನೆರಾಯರು ಏದುಸಿರು ಬಿಡುತ್ತ, ಒಂದು ಸಂಜೆಯ ಮಟ್ಟಿಗೆ ಅಜ್ಜಿ, ಆಫೀಸಿನವರು ಬರುತ್ತಾರೆ, ಅವರಿಗೆ ತೋರಿಸಬೇಕು ಎಂದು ಇದ್ದದ್ದನ್ನೆಲ್ಲ ಒದರಿಬಿಟ್ಟರು.

"ಮನೆಗೆ ಜನ ಬರ್ತಾರಾ, ನಿಮ್ಮ ಮನೆಗೆ?" ಎಂದರು ಅಜ್ಜಿ. ನಾಯಿಗಿಂತ ಅದೇ ಅವರಿಗೆ ನಂಬಲಾಗದ ಮಾತಾಗಿತ್ತು. "ಕೂರೋಕೆ ಕುರ್ಚಿ ಎಷ್ಟಿದೆ?"

ಒಂದೇ ಇತ್ತು. ಅಜ್ಜಿ ಗೊಣಗುತ್ತಲೇ ತಮ್ಮ ಮನೆಯ ಕುರ್ಚಿಗಳನ್ನೂ ಲೋಟಗಳನ್ನೂ ಮೇಲಕ್ಕೆ ಹೊರಿಸಿದರು. ನಾಯಿ ಸಾಕಿದ ಮನೆ ಇಷ್ಟು ಚೊಕ್ಕಟವಾಗಿದ್ದರೆ ಯಾರು ನಂಬುತ್ತಾರೆ ಎಂದು ಹಾಸಿಗೆಯ ಹೊದಿಕೆಯನ್ನು ತಾವೇ ಮುದುರಿ ಹಾಕಿ, ಒಂದು ಹಳೆಯ ಬಟ್ಟಲಲ್ಲಿ ನೀರಿಟ್ಟು, ನೆಲಕ್ಕಷ್ಟು ಚೆಲ್ಲಿದರು. ನಾಯಿ ಕೋಣೆಯನ್ನೆಲ್ಲ ಮೂಸಿ ನೋಡಿ, ಸೊನ್ನೆರಾಯರ ಕಾಲ ಬಳಿ ಬಂದು, ಉಸ್ಸೆಂದು ಮಲಗಿತು. ಸೊನ್ನೆರಾಯರು ಅಲುಗಾಡದೆ ಕೂತರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೇಳಿದ ಸುಳ್ಳೊಂದು ಹೀಗೆ ಪಾದದ ಮೇಲೆ ಬೆಚ್ಚಗೆ ತಲೆಯಿಟ್ಟು ಮಲಗುತ್ತದೆಂದು ಅವರು ಎಣಿಸಿರಲಿಲ್ಲ. ಇದನ್ನು ಇಟ್ಟುಕೊಂಡುಬಿಟ್ಟರೆ ಹೇಗೆ? ಟ್ರೈನಿಂಗ್ ರೂಮಿನವರಿಗೆ ನಾಯಿ ಇರಬಹುದು. ಅಜ್ಜಿಯನ್ನು ಹೇಗಾದರೂ ಒಪ್ಪಿಸಬಹುದು. ನಾಯಿಗೆ ಅವರು ಮೆಲ್ಲಗೆ, ಬನ್ನು ಎಂದರು. ಬೆಣ್ಣೆಯ ನೆನಪಿಗೋ ಏನೋ, ಅದು ಬಾಲ ಆಡಿಸಿತು.

ಮೊದಲು ಬೆಲ್ಟು ಹಿಡಿದುಕೊಂಡು ಫಿಟ್ಟರ್ ಬಂದ. ಹಿಂದೆಯೇ ಹತ್ತಿ, ಸಣ್ಣ ಕೊಳವೆ ಹಿಡಿದುಕೊಂಡು ಕ್ರಿಮಿ ಮೇಡಂ ಬಂದರು. ಆ ಕೋಣೆಯಲ್ಲಿ ಅಷ್ಟು ಜನ ಒಟ್ಟಿಗೆ ಕೂತದ್ದು ಅದೇ ಮೊದಲು. ಅಜ್ಜಿಯೂ ಬಂದು ಕೂತು, ನಮ್ಮ ರಾಯರಿಗೆ ನಾಯಿ ಎಂದರೆ ಪ್ರಾಣ ಎಂದು ಯಾರೂ ಕೇಳದಿದ್ದರೂ ಸಾಕ್ಷಿ ಹೇಳಿದರು. ಮೇಡಂ ನಾಯಿಯ ಬಾಯಿ ತೆರೆಸಿ ಹತ್ತಿಯಲ್ಲಿ ಒರೆಸಿ ಕೊಳವೆಗೆ ಹಾಕಿಕೊಂಡರು. ಎಲ್ಲ ಸುಸೂತ್ರವಾಗಿತ್ತು. ಸಾಹೇಬರೊಬ್ಬರು ಬಂದು ನೋಡಿ ಸಹಿ ಹಾಕುವುದಷ್ಟೇ ಬಾಕಿ.

ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ ಸಾಹೇಬರ ಬೂಟಿನ ಸದ್ದು ಮೆಟ್ಟಿಲಲ್ಲಿ ಕೇಳಿಸಿತು. ನಾಯಿ ತಲೆಯೆತ್ತಿತು. ಮಡಚಿದ ಕಿವಿಯೂ ನೆಟ್ಟಗಾಯಿತು. ಸಾಹೇಬರು ಹೊಸ್ತಿಲಲ್ಲಿ ಕಾಣಿಸಿಕೊಂಡದ್ದೇ ತಡ, ಇಡೀ ಸಂಜೆ ಯಾರಿಗೂ ಸೊಪ್ಪು ಹಾಕದ ಆ ನಾಯಿ ಬಾಣದಂತೆ ಹಾರಿ, ಎರಡೂ ಮುಂಗಾಲುಗಳನ್ನು ಅವರ ಎದೆಯ ಮೇಲಿಟ್ಟು, ಕೈ, ಕತ್ತು, ಕನ್ನಡಕ ಎಲ್ಲವನ್ನೂ ನೆಕ್ಕತೊಡಗಿತು.

"ಲೇ ಗುಂಡಣ್ಣ, ನೀನಿಲ್ಲೇನು ಮಾಡ್ತಿದೀಯೋ ಕಂದ," ಎಂದರು ಸಾಹೇಬರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

ಫಿಟ್ಟರ್ ಕೈಯಲ್ಲಿದ್ದ ಬೆಲ್ಟನ್ನು ನೋಡಿಕೊಂಡ. ಕ್ರಿಮಿ ಮೇಡಂ ಕನ್ನಡಕ ಏರಿಸಿ, ಪ್ಲೇಟು ನೋಡುವ ಕಣ್ಣಿನಿಂದ ಸಾಹೇಬರನ್ನು ನೋಡಿದರು. ಆಕೆ ಕೇಳಿದ ಒಂದೊಂದು ಪ್ರಶ್ನೆಗೂ ಸಾಹೇಬರು ಒಂದೊಂದು ಅಂಗುಲ ಕುಗ್ಗಿದರು. ಹೌದು, ಬೆಳಿಗ್ಗೆ ಆಫೀಸಿಗೆ ಬರುವಾಗ ಬೇಕರಿಯ ಹತ್ತಿರ ಕಾರು ನಿಲ್ಲಿಸಿ ಬನ್ನು ತಿನ್ನಿಸುತ್ತಾರೆ. ಹೌದು, ಕೈಯಿಂದಲೇ. ಮನೆಯಲ್ಲಿ ಹೆಂಡತಿಗೆ ನಾಯಿಯ ರೋಮ ಆಗಿಬರುವುದಿಲ್ಲ, ಅದಕ್ಕೆ ಹೊರಗೇ ಮುದ್ದು. ಹೌದು, ಹೋದ ವಾರವೂ ತಿನ್ನಿಸಿ, ಅವಸರದಲ್ಲಿ ಅರೆಬರೆ ಕೈ ತೊಳೆದು ತಪಾಸಣೆಗೆ ಒಳಗೆ ಹೋಗಿದ್ದರು. ಒಳಗೆ ಬೆವರು ಹರಿದು, ನಾಯಿ ನೆಕ್ಕಿದ ಮುಖಕ್ಕೆ ಗ್ಲೌಸು ತಾಗುವಂತೆ ಗಾಗಲ್ಸನ್ನು ಸರಿಮಾಡಿಕೊಂಡದ್ದೂ ಉಂಟು. ಅವರ ಪ್ಲೇಟು? ಯಜಮಾನರ ಬೆರಳನ್ನು ಒತ್ತಿಸಿಕೊಳ್ಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

"ಸರಿ, ನಿಮ್ಮ ಕೈಗೆ ಬಂತು. ಅಲ್ಲಿಂದ ಇವರ ಹತ್ರ ಹೇಗೆ ಹೋಯ್ತು?" ಎಂದರು ಮೇಡಂ.

ಸೊನ್ನೆರಾಯರು ಸಾಹೇಬರ ಕೈಯನ್ನೇ ನೋಡುತ್ತಿದ್ದರು. ನಾಯಿಯ ಗುಟ್ಟು ಬಯಲಾದದ್ದು, ತಮ್ಮ ಸುಳ್ಳು ಸಿಕ್ಕಿಬಿದ್ದದ್ದು, ಯಾವುದೂ ಅವರಿಗೆ ಈಗ ಮುಖ್ಯವಾಗಿರಲಿಲ್ಲ. ಇವರೇ. ಈ ಗಂಟುಮುಖದ ಹಿಂದೆ ಇದ್ದವರು ಇವರೇ. ಮಧ್ಯಾಹ್ನ ಅವರು ಕ್ಯಾಂಟೀನಿನಲ್ಲೆಲ್ಲ ಹುಡುಕಿದ್ದ ಕೈ, ನಾಯಿಯ ಎಂಜಲು ಮೆತ್ತಿಕೊಂಡು ಎದುರಿಗೇ ಇತ್ತು.

"ಸಾರ್, ಅವತ್ತು ನನ್ನ ಹೆಗಲ ಮೇಲೆ ಕೈ ಇಟ್ಟವರು ನೀವಾ?" ಎಂದರು.

ಸಾಹೇಬರು ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡರು. ಆಮೇಲೆ ಅವರ ಮುಖ ಅರಳಿತು.

"ಅದು ನೀವಾ? ನೆಲ ಒರೆಸಿದ್ರು ನೋಡಿ, ಕಾಲು ಜಾರಿಬಿಡ್ತು. ಬೀಳ್ತೀನಿ ಅನ್ನೋವಾಗ ಬೆಳ್ಳಗೆ ಏನೋ ಕಂಡ್ತು, ಹಿಡ್ಕೊಂಡೆ. ನಾನು ಕಂಬ ಅಂದ್ಕೊಂಡಿದ್ದೆ."

ಫಿಟ್ಟರ್ ನಕ್ಕ. ಅಜ್ಜಿಯೂ ನಕ್ಕರು. ಸೊನ್ನೆರಾಯರೂ ನಗಬೇಕೆಂದು ತುಟಿ ಅಗಲಿಸಿದರು, ಅದು ಅಷ್ಟಕ್ಕೇ ನಿಂತಿತು. ಒಂದು ವಾರದಿಂದ ಮಲಗುವಾಗ ಅದೇ ಹೆಗಲನ್ನು ಮೇಲೆ ಮಾಡಿಕೊಂಡು ಮಲಗುತ್ತಿದ್ದ ಮನುಷ್ಯ ಅವರು.

ಕ್ರಿಮಿ ಮೇಡಂಗೆ ಇನ್ನೂ ಒಂದು ಕೊಂಡಿ ಸಿಗಬೇಕಾಗಿತ್ತು. ಸಾಹೇಬರ ಕೈಯಿಂದ ಹೆಗಲಿಗೆ ಬಂತು, ಸರಿ. ಹೆಗಲಿನಿಂದ ನಿಮ್ಮ ಬೆರಳಿಗೆ ಹೇಗೆ ಬಂತು ಎಂದು ಕೇಳಿದರು. ಎಲ್ಲರೂ ಸೊನ್ನೆರಾಯರ ಕಡೆ ತಿರುಗಿದರು. ಅವರು ನೀರು ಚೆಲ್ಲಿದ ನೆಲದ ಕಡೆ ನೋಡಿದರು.

"ತುರಿಕೆ ಬಂದಿತ್ತು ಮೇಡಂ, ಕೆರ್ಕೊಂಡೆ" ಎಂದರು.

ಆ ದಿನ ಅವರು ಹೇಳಿದ ಸುಳ್ಳುಗಳಲ್ಲಿ ಯಾರೂ ಪ್ರಶ್ನೆ ಕೇಳದೆ ಒಪ್ಪಿಕೊಂಡದ್ದು ಅದೊಂದನ್ನೇ. ಮೇಡಂ ತೃಪ್ತಿಯಿಂದ ತಲೆಯಾಡಿಸಿದರು. ರೂಟ್ ಕಾಸ್ ಸಿಕ್ಕಿತ್ತು.

ಮುಂದಿನದೆಲ್ಲ ಅಲ್ಲೇ, ಅಜ್ಜಿಯ ಕುರ್ಚಿಗಳ ಮೇಲೆ ಕೂತು ತೀರ್ಮಾನವಾಯಿತು. ನಾಯಿಯ ಸುಳ್ಳನ್ನು ಸಾಹೇಬರು ದೊಡ್ಡದು ಮಾಡಲಿಲ್ಲ, ಮಾಡುವ ಸ್ಥಿತಿಯಲ್ಲೂ ಅವರಿರಲಿಲ್ಲ. ನಾನಿನ್ನು ಗಾಜಿನ ಕೋಣೆಯ ಒಳಗೆ ಕಾಲಿಡುವುದಿಲ್ಲ ಎಂದು ತಾವೇ ಒಪ್ಪಿಕೊಂಡರು. ಆದರೆ ಟ್ರೈನಿಂಗ್ ರೂಮಿನ ಮಾತು ಬಂದಾಗ ಮೇಡಂ ಸುತರಾಂ ಒಪ್ಪಲಿಲ್ಲ. ಈ ಚುಕ್ಕೆ ರಾಯರದ್ದಲ್ಲ ಎಂದಮೇಲೆ ಅವರ ಲೆಕ್ಕ ಇವತ್ತಿಗೂ ಸೊನ್ನೆಯೇ. ಇಂಥ ಅಪ್ಪಟ ಮನುಷ್ಯನನ್ನು ಹೊರಗೆ ಕೂರಿಸಿ ಹಾಳು ಮಾಡುವುದೇ? ಪಾಠ ಹೇಳಲು ಪ್ಲೇಟಿನಲ್ಲಿ ಆಗಾಗ ಚುಕ್ಕೆ ಬರುವವರು ಯಾರಾದರೂ ಸಾಕು, ಅವರು ಒಳಗಿಲ್ಲದಿದ್ದರೆ ಒಳಗೂ ಒಳ್ಳೆಯದು ಎಂದರು. ಸಾಹೇಬರಿಗೆ ಅದು ಬಹಳ ಸರಿ ಎನಿಸಿತು. ನಾನು ಪಾಠ ಕೂಡ ಸಿದ್ಧ ಮಾಡಿಕೊಂಡಿದ್ದೆ ಎಂದು ಸೊನ್ನೆರಾಯರು ಹೇಳಲು ಹೋದರು. ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತ್ತು.

ನಾಯಿ ಸಾಹೇಬರ ಕಾಲಿಗೇ ಅಂಟಿಕೊಂಡಿತ್ತು. ಬೇಕರಿಯ ಹತ್ತಿರ ಇಳಿಸಿಬಿಡುತ್ತೇನೆ ಎಂದು ಅವರು ಎದ್ದರು. ಮೆಟ್ಟಿಲು ಇಳಿಯುವಾಗ ಸೊನ್ನೆರಾಯರು ಒಮ್ಮೆ, ಬನ್ನು ಎಂದು ಕರೆದರು. ನಾಯಿ ತಿರುಗಿ ನೋಡಿತು, ಅವರ ಕೈ ಖಾಲಿ ಇರುವುದನ್ನು ಕಂಡು, ಓಡಿಹೋಗಿ ಕಾರಿನ ಸೀಟು ಹತ್ತಿ ಕೂತಿತು. ನಾಳೆಯಿಂದ ಆ ಬೇಕರಿಯ ಕಡೆ ಮಾತ್ರ ಹೋಗಬೇಡಿ ಎಂದು ಮೇಡಂ ಎಚ್ಚರಿಸಿದರು. ಮತ್ತೆ ಏನೋ ಹೊಳೆದವರಂತೆ ನಿಂತು, ಬಹಳ ಕಕ್ಕುಲಾತಿಯಿಂದ ಹೇಳಿದರು:

"ಇನ್ನು ನಿಮಗೆ ಈ ಥರ ತೊಂದರೆ ಆಗದ ಹಾಗೆ ನಾನು ನೋಡ್ಕೊಳ್ತೀನಿ ರಾಯರೇ. ನೀವು ನಿಲ್ಲೋ ಜಾಗದ ಸುತ್ತ ನೆಲದ ಮೇಲೆ ಹಳದಿ ಗೆರೆ ಹೊಡೆಸ್ತೀನಿ. ಯಾರೇ ಬರಲಿ, ನಿಮ್ಮ ಹತ್ರ ಸುಳಿಯೋ ಹಾಗಿಲ್ಲ. ನಿಶ್ಚಿಂತೆಯಿಂದಿರಿ."

ಸೊನ್ನೆರಾಯರು ಥ್ಯಾಂಕ್ಸ್ ಎಂದರು.

ಸಾಹೇಬರಿಗೂ ಮನಸ್ಸು ತುಂಬಿ ಬಂದಿತ್ತು. ಬೆಳಿಗ್ಗೆಯಿಂದ ಈ ಮನುಷ್ಯ ಹೆಗಲ ಮೇಲೆ ಬಿದ್ದ ಕೈಯ ಮಾತೆತ್ತಿ ಅದು ಯಾರದೆಂದು ಹುಡುಕಿಸಬಹುದಾಗಿದ್ದರೂ ತುಟಿ ಬಿಚ್ಚಲಿಲ್ಲ ಎಂಬುದು ಅವರಿಗೆ ಆಗಷ್ಟೇ ಹೊಳೆಯಿತು. ಕಾರಿನ ಬಾಗಿಲು ತೆರೆದಿದ್ದವರು ಹಾಗೇ ಬಿಟ್ಟು ಹಿಂದಕ್ಕೆ ಬಂದರು. ಸೊನ್ನೆರಾಯರ ಎದುರು ನಿಂತು, ಬಲಗೈಯನ್ನು ಅವರ ಹೆಗಲ ಕಡೆ ಚಾಚಿದರು. ಸೊನ್ನೆರಾಯರು ಉಸಿರು ಬಿಗಿಹಿಡಿದು ನಿಂತರು. ಕೈ ಹೆಗಲ ಹತ್ತಿರದವರೆಗೂ ಬಂತು.

"ಛೇ, ಬೇಡ ಬೇಡ," ಎಂದು ಸಾಹೇಬರು ಕೈ ಹಿಂದಕ್ಕೆಳೆದುಕೊಂಡರು. "ನಾಯಿ ಮುಟ್ಟಿದ ಕೈ."

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಸೊನ್ನೆರಾಯರು ನಿಂತಿದ್ದರು. ಆಮೇಲೆ ಅಜ್ಜಿಯ ಕುರ್ಚಿಗಳನ್ನು ಒಂದೊಂದಾಗಿ ಕೆಳಗಿಳಿಸಿ ಕೊಟ್ಟು, ಮೇಲೆ ಬಂದು, ನೆಲ ಒರೆಸಿ, ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ್ದರಿಂದ ಸೋಪು ಹಚ್ಚಿ ಎರಡೂ ಕೈಗಳನ್ನು ಮೊಣಕೈವರೆಗೆ ಚೆನ್ನಾಗಿ ತೊಳೆದುಕೊಂಡರು.